ಟಾಕ್ನಾದಲ್ಲಿ, ಹಲ್ಲು ಕಿತ್ತ ಮರುದಿನ

ನಿನ್ನೆ ಸಂಜೆ ಅವನ ಬಲದವಡೆ ಹಲ್ಲು ಕಿತ್ತವಳು ನಾನೇ.
ಹೆಸರು ಎರಿಬೆರ್ತೊ ಕಾರ್ಕಮೊ, ಊರು ಗಡಿಯಾಚೆಯ ಅರಿಕಾ,
ಕಸುಬು ಬಾಡಿಗೆ ಕಾರು.
ಚಿಲಿಯವರ ಹುಳುಕು ಹಲ್ಲುಗಳನ್ನು ತುಂಬಿ ತಂದು
ಪೆರುವಿನ ನಮ್ಮ ಬೀದಿಯಲ್ಲಿ ಇಳಿಸಿಹೋಗುವವನು.
ಅಲ್ಲಿ ಒಂದು ಹಲ್ಲಿಗೆ ಕೊಡುವ ದುಡ್ಡಲ್ಲಿ
ಇಲ್ಲಿ ಅರ್ಧ ಬಾಯಿ ರಿಪೇರಿ.
ಹನ್ನೆರಡು ವರ್ಷ ಊರವರ ಬಾಯಿ ತೆರೆಸಿದವನಿಗೆ
ತನ್ನದನ್ನು ತೆರೆಯಲು ಸಿಕ್ಕಿದ್ದು ಜುಲೈ ಇಪ್ಪತ್ತೇಳು.
ರಕ್ತ ನಿಲ್ಲಲಿಲ್ಲ. ಉಳಿಸಿಕೊಂಡೆ.

ಇವತ್ತು ಇಪ್ಪತ್ತೆಂಟು. ನಮ್ಮ ದೇಶದ ಹಬ್ಬ.
ಮನೆಮನೆಯ ಮೇಲೂ ಕೆಂಪು, ಬಿಳಿ, ಕೆಂಪು.
"ಏರಿಸದಿದ್ದರೆ ದಂಡ. ಅದಕ್ಕೇ ಇಷ್ಟೊಂದು ದೇಫಪ್ಫೇಮ,"
ಎಂದ ಕಾರ್ಕಮೊ, ಊದಿದ ಕೆನ್ನೆಯೊಳಗಿಂದ.

ಅತ್ತೆ ಡೊಮಿತಿಲಾ ನಸುಕಿನಲ್ಲೇ ಎದ್ದಿದ್ದರು.
ಹಸುವಿನ ಕಾಲು, ಬೋಟಿ, ಒಣಮೆಣಸಿನ ಕೆಂಪು ಅರಪು;
ಬೆಂದ ಆಲೂಗಡ್ಡೆಗೆ ಚಾಕು ತಾಗಿಸಿದರೆ ಅವರಿಗೆ ಸಿಟ್ಟು,
ಕೈಯಲ್ಲೇ ಮುರಿಯಬೇಕು, ಬೆರಳು ಚುರುಗುಟ್ಟುವಾಗಲೇ.
ಇಡೀ ಓಣಿಗೆ ಸೀನು.

ಹಲ್ಲಿದ್ದಾಗ ಕಡಲೆಯಿಲ್ಲ ಎನ್ನುವ ಮಾತು
ಯಾರನ್ನು ಕಂಡು ಹುಟ್ಟಿತೋ, ಬಂದು ಕೂತದ್ದು ಇವನ ಹೆಗಲ ಮೇಲೆ:
ಎದುರಿಗೆ ಬಟ್ಟಲ ತುಂಬ ಹುರಿದ ಜೋಳ,
ಕಲ್ಲಿನಡಿ ಒತ್ತಿ ಕರಿದ ಗಿನಿಹಂದಿ, ಗರಿಗರಿ,
ಇವನಿಗೋ ಒಂದು ಲೋಟ ತಣ್ಣನೆ ಗಂಜಿ.
"ವೈರಿಗೆ ಇಷ್ಟು ಸಾಕು," ಎಂದರು ಅತ್ತೆ,
ಸಕ್ಕರೆ ಎರಡು ಚಮಚ ಹೆಚ್ಚಿಗೇ ಸುರಿಯುತ್ತಾ.

ಆಮೇಲೆ ಶುರುವಾಯಿತು, ಪ್ರತಿ ಸಲದಂತೆ, ಪಿಸ್ಕೊ ಯಾರದು.
"ದ್ರಾಕ್ಷಿ ನಮ್ಮದು, ಊರಿನ ಹೆಸರೇ ಪಿಸ್ಕೊ," ಎಂದ ನನ್ನ ಗಂಡ.
"ನಮ್ಮಲ್ಲೂ ಒಂದು ಊರಿದೆ ಆ ಹೆಸರಿನದು."
"ಇದೆ, ಇದೆ, ಹೋದ ಶತಮಾನದಲ್ಲಿ ನಾಮಕರಣ!"
"ಆಲೂಗಡ್ಡೆ?"
"ಅದೂ ನಿಮ್ಮದೇ ಅಂತ ಚೀಲೊವೆ ದ್ವೀಪದ
ನನ್ನಜ್ಜಿ ಮುಂದೆ ಹೇಳಿ ನೋಡು, ಸೌಟು ಬರುತ್ತೆ."
ನಾನು ಬಾಟಲಿ ಎತ್ತಿಟ್ಟೆ. ಮಾತ್ರೆ ನುಂಗಿದವನಿಗೆ
ಯಾವ ದೇಶದ ಪಿಸ್ಕೊನೂ ಇಲ್ಲ.

ಪಟಾಕಿ ಮಾರುವ ಪ್ರುಡೆನ್ಸಿಯಾ ಬೊಲಿವಿಯಾದವಳು,
ಬಾಗಿಲ ಬಳಿ ಕಾಲು ಚಾಚಿ ಜೋಳ ಕಡಿಯುತ್ತಿದ್ದಳು.
"ಹಂಚಿಕೊಳ್ಳಿ, ಹಂಚಿಕೊಳ್ಳಿ. ಮುಗಿದ ಮೇಲೆ
ಒಂದು ಸಮುದ್ರ ಉಳಿದಿದ್ದರೆ ನನಗೆ ಕೂಗಿ."
ಎಲ್ಲರೂ ನಕ್ಕೆವು. ಆಮೇಲೆ ಸ್ವಲ್ಪ ಹೊತ್ತು
ಎಲ್ಲರೂ ತಟ್ಟೆ ನೋಡಿಕೊಂಡೆವು.

ರಾತ್ರಿ, ಬಾಣಬಿರುಸು.
ಕಡಲ ಕಡೆಯ ಮಂಜು ಊರ ಮೇಲೆ ಕವುಚಿ ಮಲಗಿತ್ತು;
ಏರಿದ್ದೆಲ್ಲ ಅದರ ಹೊಟ್ಟೆಯೊಳಗೇ ಒಡೆದು ಬರೀ ಬಣ್ಣದ ಮಸುಕು.
ಕೆಂಪು. ಬಿಳಿ. ಮತ್ತೆ ಕೆಂಪು. ಮತ್ತೆ,
ಎಲ್ಲಿ ತಪ್ಪಿತೋ, ಒಂದು ನೀಲಿ.
"ಕಂಡಿರಾ!" ಕಾರ್ಕಮೊ ಕುರ್ಚಿಯಿಂದ ಎದ್ದೇಬಿಟ್ಟ,
"ನೀಲಿ ನಮ್ಮ ಬಾವುಟದ್ದು!"
"ಚೀನಾದ್ದು," ಎಂದಳು ಪ್ರುಡೆನ್ಸಿಯಾ. "ಮೂರು ದೇಶಕ್ಕೂ ಒಂದೇ ಡಬ್ಬ."

ಅತ್ತೆ ಮೇಲೆ ನೋಡಲಿಲ್ಲ.
ಅವರಮ್ಮ ಇದೇ ಮನೆಯಲ್ಲಿ ಹುಟ್ಟಿದಾಗ ಊರು ಚಿಲಿಯ ಕೈಯಲ್ಲಿತ್ತು;
ಹತ್ತೊಂಬತ್ತಕ್ಕೆ, ಹೊಸ್ತಿಲು ದಾಟದೆಯೇ, ದೇಶ ಬದಲಾಯಿತು.
ಅಲ್ಲಿಯವರೆಗೆ ಒಂದು ಕೆಂಪುಬಿಳಿ ಬಟ್ಟೆಯನ್ನು
ಹಾಸಿಗೆಯೊಳಗೆ ಹೊಲಿದು ಅದರ ಮೇಲೆ ನಿದ್ದೆ ಮಾಡಿದವಳು.
ಇದನ್ನು ಅತ್ತೆ ಇವತ್ತು ಹೇಳಲಿಲ್ಲ.
ಕಾರ್ಕಮೊನಿಗೆ ಗೊತ್ತು; ಒಮ್ಮೆ, ಬೇರೆ ರಾತ್ರಿ, ಕೇಳಿದ್ದಾನೆ.
ಚಳಿಗೆ ಅವನು ಭುಜ ಮುದುಡಿಕೊಂಡಾಗ
ತಮ್ಮ ಶಾಲು ಅವನ ಮೇಲೆ ಎಸೆದರು, ಬೈಯುತ್ತಲೇ.

ಸಾರು ಡಬ್ಬಿಗೆ ತುಂಬಿ ಕೊಡೋಣವೆಂದರೆ
ಗಡಿಯಲ್ಲಿ ಕಿತ್ತು ಬಿಸಾಡುತ್ತಾರೆ, ಹಣ್ಣಿನ ಸಿಪ್ಪೆಯನ್ನೂ ಬಿಡುವುದಿಲ್ಲ.
ಅತ್ತೆಯ ತೀರ್ಪಾಯಿತು: ಬಾವು ಇಳಿಯಲಿ, ಇಲ್ಲೇ ಉಂಡು ಹೋಗು.
ನಾಳೆ ಆಗದಿದ್ದರೆ ನಾಡಿದ್ದು. ಹಳತಾದಷ್ಟೂ ರುಚಿ.

ಅಂಗಳದಲ್ಲಿ ನಿಂತು ಅವನು ಹೆಂಡತಿಗೆ ಫೋನು ಮಾಡುತ್ತಿದ್ದಾನೆ:
"ಫೆರೆ ಫಿಕ್ಕಿದ್ದೇನೆ ಕಣೇ.
ಇಲ್ಲ, ಹೊಡೆದಿಲ್ಲ.
ಹಿಂಫೆ ಮೂಗಿಗೆ ಮಾತ್ರ."