ಆಯ್ತು

ಹಾಸನದ ಪೆನ್ಷನ್ ಮೊಹಲ್ಲಾ. ಸಂಜೆ ಏಳಕ್ಕೆ
ಶಟರ್ ಅರ್ಧ ಇಳಿಸಿ
ಸಣ್ಣತಾಯಮ್ಮ ನನ್ನ ಶಿಷ್ಯೆಯಾಗುತ್ತಾಳೆ.
ಸ್ಲೇಟಿಲ್ಲ. ಉಳಿಕೆ ಲೈನಿಂಗ್ ಬಟ್ಟೆ,
ಗುರುತು ಹಾಕುವ ಸೀಮೆಸುಣ್ಣ.

ವಾಕ್, ವಾಕ್ಡ್. ಸ್ಟಿಚ್, ಸ್ಟಿಚ್ಡ್.
"ಓ, ಸೀರೆಗೆ ಫಾಲ್ ಹಚ್ಚಿದ ಹಾಗೆ," ಅಂದಳು,
"ಅಂಚಿಗೊಂದು ಇ-ಡಿ ಹೊಲಿದರೆ ನಿನ್ನೆಯಾಯಿತು."
ಕಟ್‌ಗೆ ಮಾತ್ರ ಫಾಲ್ ಇಲ್ಲ ಎಂದೆ,
ಇವತ್ತೂ ಕಟ್, ನಿನ್ನೆಯೂ ಕಟ್.
ಕತ್ತರಿ ಎತ್ತಿ ನೋಡಿದಳು:
"ಸರಿ ಬಿಡಿ. ಒಂದು ಸಲ ಆಡಿಸಿದ ಮೇಲೆ
ಇದೂ ಅಷ್ಟೇ, ತಿದ್ದೋಕಾಗಲ್ಲ."

ಗೋ ಹತ್ತಿರ ಸೂಜಿ ಸಿಕ್ಕಿಕೊಂಡಿತು.
ಗೋಡ್ ಅಲ್ಲ, ವೆಂಟ್.
"ಯಾರು?"
ಯಾರಾದರೂ. ಹೋದ, ಹೋದಳು, ಹೋಯಿತು,
ಎಲ್ಲಕ್ಕೂ ಅದೊಂದೇ.
ಬಹಳ ಹೊತ್ತು ಬಾಬಿನ್ನಿಗೆ ದಾರ ಸುತ್ತಿದಳು.
ಹನ್ನೊಂದು ವರ್ಷದಿಂದ ಈ ಬೀದಿ
ಅವಳ ಮುಂದೆ ಆಡಿದ ಕ್ರಿಯಾಪದಕ್ಕೆಲ್ಲ
ಕೊನೆಯಲ್ಲಿ ಒಬ್ಬ ಗಂಡಸು ಅಂಟಿಕೊಂಡೇ ಇದ್ದ.
"ವೆಂಟ್," ಬರೆದಳು. "ಇದು ಒಳ್ಳೆಯದು.
ಹೆಸರು ಕೇಳಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ
ಶಟರಿನ ಕೆಳಗೆ ಎರಡು ಚಪ್ಪಲಿ:
"ಸಣ್ಣತಾಯಕ್ಕ, ನನ್ನ ರವಿಕೆ?"
"ಆಯ್ತು ಕಣವ್ವ, ಆಯ್ತು!"
ತೋಳಿರಲಿ, ಅಳತೆಯೇ ಬಿದ್ದಿಲ್ಲ;
ಹಸಿರು ಖಣ ಕವರಿನಲ್ಲೇ
ಮೊಳೆಗೆ ನೇತಾಡುತ್ತಿದೆ.
ನನ್ನತ್ತ ತಿರುಗಿ, ಹಲ್ಲಿನಲ್ಲಿ ದಾರ ಕಡಿಯುತ್ತ,
"ಇದು ಯಾವ ಕಾಲ, ಮೇಡಂ?"