ಒತ್ತೆ

ಒರೆಗಲ್ಲ ಮೇಲೆ ಗೆರೆ ಎಳೆದೆ. ಚೊಕ್ಕ ಚಿನ್ನ.
ತಾಮ್ರದ ಸುಳ್ಳು ಬೆರೆಯದ ಹಳದಿ.
ಕಾರವಾರದ ಈ ಸೊಸೈಟಿಯಲ್ಲಿ ಮೂವತ್ತೊಂದು ವರ್ಷ
ಪುತಳಿ ಸರ, ಮೋಹನಮಾಲೆ, ಮುರಿದ ಬುಗುಡಿ
ತೂಗಿದ್ದೇನೆ. ಇದನ್ನು ಮಾತ್ರ
ಭೂತಗನ್ನಡಿಯ ಕೆಳಗೆ ಎರಡು ಸಲ ಇಟ್ಟೆ.

ಶೇವಂತಿ ತಾಂಡೇಲ ಬೆಂಚಿನ ತುದಿಗೆ ಕೂತಿದ್ದಾಳೆ.
ದೋಣಿಯ ಎಂಜಿನ್ ಸುಟ್ಟಿದೆ. ಚಿನ್ನ ತಂದದ್ದು
ಯಾರೋ ಮುಖಂಡರು ಕೈಮುಗಿದು ನಗುವ ಚೀಲದಲ್ಲಿ;
ಅವರ ಗಲ್ಲಕ್ಕೆ ಮೀನಿನ ಹುರುಪೆಯೊಂದು ಅಂಟಿ
ಫ್ಯಾನಿನ ಗಾಳಿಗೆ ಮಿನುಗುತ್ತಿದೆ.

ನಾಣ್ಯದ ಒಂದು ಮಗ್ಗುಲಲ್ಲಿ ರೋಮಿನ ಅರಸ.
ದಪ್ಪ ಕತ್ತು, ಎಲೆಯ ಕಿರೀಟ.
ಇನ್ನೊಂದರಲ್ಲಿ, ಮರದಡಿ, ತಲೆಗೆ ಕೈಕೊಟ್ಟು ಕೂತ ಹೆಣ್ಣು.
ಅವನು ಗೆದ್ದ ನಾಡು ಅವಳು. ಎಲ್ಲೋ ಓದಿದ್ದೆ.
ಯುದ್ಧ ಮುಗಿದ ಮೇಲೆ ಅಚ್ಚು ಕೊರೆಯುವವನನ್ನು ಕರೆದು
ಅಳುವವಳನ್ನು ಹೀಗೆ ಕೂರಿಸು ಎಂದಿರಬೇಕು.
ಓದು ಬಾರದ ಸಿಪಾಯಿಗೂ, ಉಪ್ಪು ಮಾರುವವನಿಗೂ
ಸಂಬಳದ ಜೊತೆ, ಚಿಲ್ಲರೆಯ ಜೊತೆ
ಅಂಗೈಗೇ ಬಂದು ಬೀಳುವ ಡಂಗುರ.

“ಇದು ಯಾರು ಗೊತ್ತಾ?”
“ಮತ್ಯಾರು, ನಮ್ಮ ಆಜಿಯ ಆಜಿ.
ತೆಂಗಿನ ಬುಡದಲ್ಲಿ ದೋಣಿ ಕಾಯ್ತಾ ಕೂತದ್ದು.”
“ಈಚೆಯವನು?”
“ಅವ ಯಾರೋ. ಅವನನ್ನ ಎದೆಗೆ ಮಾಡಿ ಹಾಕ್ಕೊಳ್ಳೋದು.
ಹೊರಗೆ ಅವಳು ಕಾಣಬೇಕು.”

ಹಾಗೆ ಎಷ್ಟೋ ತಲೆಮಾರು
ಬೆವರು, ಮೊಲೆಹಾಲು, ಬುಟ್ಟಿಯಿಂದ ಕತ್ತಿಗಿಳಿದ ಉಪ್ಪುನೀರು
ಅರಸನ ಮೂಗು ತಿಂದಿವೆ,
ಬಿರುದುಗಳ ಅಕ್ಷರ ತಿಂದಿವೆ.
ಅವಳು ನೆಟ್ಟಗೆ ಕೂರಲೆಂದು ಯಾವನೋ ಅಕ್ಕಸಾಲಿ,
ನಮ್ಮ ವೆರ್ಣೇಕರರ ಪೈಕಿಯೇ ಇರಬಹುದು,
ಕೊರೆದ ತೂತು ಅವನ ಕತ್ತಿಗೆ ಸರಿಯಾಗಿ ಬಿದ್ದು
ಇಷ್ಟು ಕಾಲವೂ ಅವನು
ತಲೆಕೆಳಗಾಗಿ ತೂಗಿದ್ದಾನೆ.

ನಿನ್ನ ಆಜಿಯಲ್ಲ ಇವಳು, ಸೋತವಳು,
ಎನ್ನಲು ಬಾಯಿ ತೆರೆದೆ.
ಅರ್ಗಾದ ಮನೆ ನೌಕಾನೆಲೆಗೆ ಹೋದ ದಿನ
ಲಾರಿ ಬರುವ ತನಕ ಈ ಶೇವಂತಿ
ಪಾತ್ರೆಗಂಟಿನ ಪಕ್ಕ ಕೂತಿದ್ದಳು,
ಮರದ ಬುಡದಲ್ಲಿ,
ನಾನು ಸೈಕಲ್ ಮೇಲೆ ದಾಟಿ ಹೋಗಿದ್ದೆ.

ಅರ್ಜಿ ತುಂಬಿದೆ.
ವಿವರ: ಹಳೆಯ ಪದಕ, ಸವೆದದ್ದು. ನಗ ಒಂದು.
ತೂಕ: ಆರು ಗ್ರಾಂ ಒಂಬೈನೂರು ಮಿಲಿ.
ಮುಖಕ್ಕೆ ಇಲ್ಲಿ ಕಾಲಮ್ಮಿಲ್ಲ.
“ಬಿಡಿಸಿಕೊಳ್ಳದೆ ಇರಬೇಡ” ಎಂದಷ್ಟೇ ಹೇಳಿದೆ.

ಕ್ಯಾಷಿಯರ್ ನೋಟುಗಳ ಮುಖವೆಲ್ಲ
ಒಂದೇ ದಿಕ್ಕಿಗೆ ಬರುವಂತೆ ಜೋಡಿಸಿ ಕೊಟ್ಟ.
ಅವಳು ಹೆಬ್ಬೆರಳು ನೆಕ್ಕಿ
ಮೂಲೆಗಳನ್ನಷ್ಟೇ ಎಣಿಸಿದಳು.