ಒತ್ತಿನ ಕೀಲಿ

ಶಿಡ್ಲಘಟ್ಟದ ತಾಲ್ಲೂಕು ಕಚೇರಿ ಎದುರು
ಹೊಂಗೆಯ ಬೇರು ಎತ್ತಿ ಹಾಕಿದ ಚಪ್ಪಡಿ ಮೇಲೆ
ನನ್ನ ಮಡಿಲಲ್ಲಿ ಕೂರುತ್ತೆ ಅದು,
ಹನ್ನೊಂದು ಅಂಗುಲ,
ಹೆಚ್ಚೆಂದರೆ ಒಂದು ಸೇರು ರಾಗಿಯ ಭಾರ.
ಚೀಟಿ ಎತ್ತಿ ತಂದದ್ದು, ಅದೂ ಕೈಬದಲಿ ಮಾಲು,
ಯಾರದೋ ಮಗು ಅಂಟಿಸಿದ ಚಿಟ್ಟೆ
ಬೆನ್ನ ಮೇಲೆ ಇನ್ನೂ ಅರ್ಧ ಇದೆ.

ಬೆಳಿಗ್ಗೆ ಗುಂಡಿ ಒತ್ತಿ
ನಯಾಜನ ಅಂಗಡಿ ಪಕ್ಕ ಟೀ ಹೇಳಿ,
ಕುಡಿದು, ಚಿಲ್ಲರೆ ಇಸಕೊಂಡು ಬಂದರೂ
ಇನ್ನೂ ಎದ್ದಿರಲ್ಲ.
ಬೈಯೋದಿಲ್ಲ ನಾನು.
ನನಗೂ ಹಾಗೇ, ಬೆಳಗಾಗೋದು ನಿಧಾನ.

ಅರ್ಜಿಗೆ ಮೂವತ್ತು. ಪ್ರಿಂಟು ನಯಾಜನಲ್ಲಿ, ಅದರ ಲೆಕ್ಕ ಬೇರೆ.
ಬಂದವರು ತೆಲುಗಲ್ಲಿ ಹೇಳುತ್ತಾರೆ,
ಬೆರಳು ಕನ್ನಡದಲ್ಲಿ ಕೇಳಿಸಿಕೊಳ್ಳುತ್ತೆ.
'ಮಾ ನಾಯನ ಪೋಯಿ ಮೂಡೇಂಡ್ಲಾಯೆ' ಅಂತ ಮೂಗು ಸೀಟಿದರೆ
'ನಮ್ಮ ತಂದೆಯವರು ಮರಣ ಹೊಂದಿ ಮೂರು ವರ್ಷಗಳಾಗಿದ್ದು' ಅಂತ ಬೀಳುತ್ತೆ.
ಮೂಗು ಸೀಟಿದ್ದು ಬಿಡುತ್ತೇನೆ.
ಒಂದೇ ಪುಟದಲ್ಲಿ ಮುಗಿಸಬೇಕು.

ಸಂಕ್ರಾಂತಿ ಕಳೆದ ಮೇಲೆ ಒಂದು ಕೀಲಿ ಮೊಂಡಾಯಿತು.
ಇಂಗ್ಲಿಷಿನವರಿಗೆ ಅದು ಬರೀ ಎಫ್.
ನಮಗೆ ಒತ್ತಿನ ಕೀಲಿ,
ಅಕ್ಷರದ ಕಾಲಡಿ ಅಕ್ಷರ ಕೂರಿಸೋದು.
ಈ ಸೀಮೆಯಲ್ಲಿ ಯಾವ ಹೆಸರು ತಾನೇ
ಅಪ್ಪ ಅಮ್ಮ ಇಲ್ಲದೆ ಮುಗಿಯುತ್ತೆ?
ಪಿಳ್ಳಪ್ಪ, ಮುನಿಶಾಮಪ್ಪ, ದ್ಯಾವಮ್ಮ, ಗಂಗುಲಪ್ಪ,
ಆರು ವರ್ಷದಿಂದ ಎಲ್ಲರೂ
ಅದೊಂದನ್ನೇ ತುಳಿದು ದಾಟಿದ್ದಾರೆ.

ಈಗ ನೋಡಿ:
ಪಿಳಳಪಪ.
ದಯಾವಮಮ.
ಊರೇ ಶಿಡಲಘಟಟ.
ಎರಡು ಪ, ಎರಡು ಮ
ಮಾತು ಬಿಟ್ಟ ಗಂಡಹೆಂಡಿರ ಹಾಗೆ
ಪಕ್ಕಪಕ್ಕ ನಿಂತುಬಿಟ್ಟವು.

'ಯಾರಮ್ಮಾ ಇದು, ಗಂಗುಲಪಪ?'
ಗುಮಾಸ್ತ ಕಾಗದ ತಳ್ಳಿದ.
ಗಂಗುಲಪ್ಪ ಎದುರೇ ನಿಂತಿದ್ದ,
ಹೆಗಲ ಟವಲು ಕೈಗಿಳಿಸಿ,
ತಾನೇ ತಪ್ಪಾಗಿ ಹುಟ್ಟಿದವನ ಹಾಗೆ.
ಪೆನ್ನಲ್ಲಿ ಒತ್ತು ಬರೆದು ಕೊಟ್ಟೆ.
ತಿದ್ದಿದ್ದು ನಡೆಯಲ್ಲ ಅಂದ.
ಗಂಗುಲಪ್ಪನಿಗೆ ಮೂವತ್ತು ವಾಪಸು ಕೊಟ್ಟೆ.
ಬಸ್ಸಿನ ಚಾರ್ಜು ಕೊಡಬೇಕಿತ್ತು ಅಂತ
ಹೊಳೆದದ್ದು ರಾತ್ರಿ, ಪಾತ್ರೆ ತೊಳೆಯುವಾಗ.

ಮೊಬೈಲು ರಿಪೇರಿಯ ತೌಸೀಫ ಮಗುಚಿ ಹಾಕಿ ನೋಡಿದ.
ಬೋರ್ಡೇ ಬದಲಾಯಿಸಬೇಕು, ಎರಡು ಸಾವಿರದ ಇನ್ನೂರು,
ಬಿಡಿ ಕೀಲಿ ಸಿಗಲ್ಲ.
ಆಮೇಲೆ ಕೇಳಿದ,
'ಅಕ್ಕಾ, ಇದರಲ್ಲಿ ನಿಮಗೆ ಬೇಡದ್ದು ಯಾವುದು?'

ಕೆಳಸಾಲಿನ ಎಡಮೂಲೆ ತೋರಿಸಿದೆ, ಝಡ್ಡು.
ಅಲ್ಲಿ ಞ ಇರುತ್ತೆ, ಶಿಫ್ಟು ಹಿಡಿದರೆ ಙ.
ಒಂದನೇ ಕ್ಲಾಸಲ್ಲಿ ಮೂಗಿಂದ ಹೇಳಿ ಬಿಟ್ಟದ್ದು,
ಆಮೇಲೆ ಎದುರಾದದ್ದೇ ಕಡಿಮೆ.
ಅದರಡಿಯ ರಬ್ಬರು ಚಿಮಟದಲ್ಲಿ ಕಿತ್ತು
ಎಫ್ಫಿನಡಿ ಕೂರಿಸಿದ. ಐವತ್ತು ರೂಪಾಯಿ.
ಅಪ್ಪಂದಿರು ಅಮ್ಮಂದಿರು ಮತ್ತೆ ಕೂಡಿಕೊಂಡರು.
ಜ್ಞಾನ ಒಂದಿಲ್ಲ ನನ್ನ ಯಂತ್ರದಲ್ಲಿ.
ಈ ಕಚೇರಿಗೆ ಇದುವರೆಗೆ ಅದು ಬೇಕಾಗಲೂ ಇಲ್ಲ

ಅಂತ ಸಿಕ್ಕಿದವರಿಗೆಲ್ಲ ಹೇಳಿ ನಗಾಡಿಕೊಂಡಿದ್ದೆ.
ಮೊನ್ನೆ ಮಂಗಳವಾರ
ಹೈಸ್ಕೂಲು ಯೂನಿಫಾರ್ಮಿನಲ್ಲಿ ಒಬ್ಬಳು ಬಂದಳು,
ಆದಾಯದ ಸರ್ಟಿಫಿಕೇಟಿಗೆ.
ತಾಯಿ ಫಿಲೇಚರಿಂದ ಹಾಗೇ ಎದ್ದು ಬಂದವಳು,
ಗೂಡು ಬೇಯಿಸೋ ನೀರಿಗೆ ಬೆರಳ ತುದಿ ಬಿಳಿಚಿತ್ತು.
ತಾಯಿ ಹೆಸರು?
ಅಶ್ವತ್ಥಮ್ಮ. ಮೂರು ಒತ್ತು, ಸರಾಗ ಬಂತು.
ನಿಂದು?

ಪ್ರಜ್ಞಾ.

'ಆಸ್ಪತ್ರೇಲಿ ನರ್ಸಮ್ಮನ ಹೆಸರು, ಕೇಳಿ ಇಸ್ಕೊಂಡೆ' ಅಂದಳು ತಾಯಿ.
ರೀಫಿಲ್ಲಿನ ತುದಿಯಿಂದ ಝಡ್ಡಿನ ಗುಳಿ ಚುಚ್ಚಿದೆ.
ಬರಲಿಲ್ಲ. ಇನ್ನೊಂದು ಸಲ.
ನನ್ನ ಕಿವಿ ಬಿಸಿಯಾಯಿತು.
ಹುಡುಗಿ ಚಪ್ಪಡಿ ಮೇಲೆ ಒತ್ತಿಕೊಂಡು ಕೂತು
ಜಡೆಯ ಪಿನ್ನು ತೆಗೆದು
'ನಾ ಒತ್ತಲಾ ಆಂಟಿ?' ಅಂದಳು.

ಒಂದೇ ಸಲ ಏಳೆಂಟು ಞ
ಪರದೆ ತುಂಬ ಉದುರಿದವು.
ಇಬ್ಬರೂ ಎಣಿಸಿ, ಒಂದು ಉಳಿಸಿಕೊಂಡು
ಮಿಕ್ಕಿದ್ದು ಅಳಿಸಿದೆವು.

ಪಿನ್ನು ಬ್ಯಾಗಲ್ಲೇ ಉಳಿದಿದೆ.
ವಾಪಸು ಕೊಡೋದು ಮರೆತೆ.